ಕೋಶದ ಮೇಲೆ ಮಿನುಗುವ ಚಿನ್ನ: ಕಾರವಾರದ ಕಾಲೇಜು ಲ್ಯಾಬಿನ ಕೆಲಸದ ದಾಖಲೆ

ಡಾರ್ಕ್‌ಫೀಲ್ಡ್ ಮೈಕ್ರೋಸ್ಕೋಪಿನಲ್ಲಿ ಹಿನ್ನೆಲೆ ಕಪ್ಪು, ಬೆಳಕು ಚದುರಿಸುವ ವಸ್ತು ಮಾತ್ರ ಹೊಳೆಯುತ್ತದೆ. ಕೆನ್ನೆಯ ಒಳಗಿನ ಜೀವಕೋಶವನ್ನು ಅದರಲ್ಲಿ ಇಟ್ಟರೆ ಎಲ್ಲವೂ ಹೊಳೆಯುತ್ತದೆ. ಕೋಶದ ಅಂಚು ಹೊಳೆಯುತ್ತದೆ, ನ್ಯೂಕ್ಲಿಯಸ್ ಹೊಳೆಯುತ್ತದೆ, ಮೇಲೆ ಅಂಟಿಕೊಂಡ ಬಾಯಿಯ ಬ್ಯಾಕ್ಟೀರಿಯಾಗಳೂ ಚುಕ್ಕಿ ಚುಕ್ಕಿಯಾಗಿ ಹೊಳೆಯುತ್ತವೆ. ಅದರ ಮೇಲೆ ಚಿನ್ನದ ನ್ಯಾನೊಕಣ ಬಿಟ್ಟರೆ ಅದೂ ಇನ್ನೊಂದು ಚುಕ್ಕಿ ಅಷ್ಟೇ. ಯಾವುದು ಚಿನ್ನ, ಯಾವುದು ಬ್ಯಾಕ್ಟೀರಿಯಾ ಅಂತ ಕಣ್ಣಿಗೆ ಹೇಳಲು ಬರುವುದಿಲ್ಲ.

ಇದಕ್ಕೊಂದು ಚೆಂದದ ಉಪಾಯವಿದೆ. ಚಿನ್ನದ ಒಳಗೆ ಕಬ್ಬಿಣದ ಆಕ್ಸೈಡ್ ಇಡುವುದು, ಪಕ್ಕದಲ್ಲಿ ಆಯಸ್ಕಾಂತ ತಿರುಗಿಸುವುದು. ಚಿನ್ನದ ಚುಕ್ಕಿ ಮಾತ್ರ ತಾಳಕ್ಕೆ ತಕ್ಕಂತೆ ಮಿನುಗುತ್ತದೆ, ಉಳಿದದ್ದು ಸುಮ್ನೆ ಇರುತ್ತದೆ. 2009 ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಅಲೆಕ್ಸಾಂಡರ್ ವೇ ಅವರ ತಂಡ ನಕ್ಷತ್ರದ ಆಕಾರದ ಚಿನ್ನದ ಕಣಗಳಲ್ಲಿ ಇದನ್ನು ಮಾಡಿ ತೋರಿಸಿತು. ಆ ಕಣಗಳು ತುದಿಯಿಂದ ತುದಿಗೆ ಸುಮಾರು 100 ನ್ಯಾನೊಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗವೇ ನ್ಯಾನೊಮೀಟರ್).

ನಾನು ಕಾರವಾರದ ಒಂದು ಡಿಗ್ರಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ನಮ್ಮಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಇಲ್ಲ. ಹಳೆಯ ವಿದ್ಯಾರ್ಥಿ ಮೈಕ್ರೋಸ್ಕೋಪ್ ಇದೆ, ಕೆಟ್ಟ ಅನಿಲವನ್ನು ಹೊರಗೆಳೆಯುವ ಒಂದು ಫ್ಯೂಮ್ ಹುಡ್ ಇದೆ, ಕೈಜೋಡಿಸುವ ಹುಡುಗ ಹುಡುಗಿಯರಿದ್ದಾರೆ. ಇಷ್ಟರಲ್ಲೇ ಆ ಮಿನುಗನ್ನು ನೋಡಬೇಕು ಅನ್ನುವುದು ನಮ್ಮ ಆಸೆ. ಅರ್ಧ ಗೆದ್ದಿದ್ದೇವೆ, ಅರ್ಧದಲ್ಲಿ ಸಿಕ್ಕಿಕೊಂಡಿದ್ದೇವೆ. ಮುಂದೆ ಮಾಡುವವರಿಗೆ ಅನುಕೂಲವಾಗಲಿ ಅಂತ ಕ್ರಮವಾಗಿ ಬರೆದಿಡುತ್ತೇನೆ.

ಹಂತ 1: ನೀರು ಮತ್ತು ಗಾಜು

ಇದನ್ನು ಮೊದಲು ಹೇಳಲು ಕಾರಣವಿದೆ. ನಮ್ಮ ಬಾವಿ ಕಾಳಿ ನದಿಯ ಅಳಿವೆಗೆ ಹತ್ತಿರ. ಬೇಸಿಗೆಯಲ್ಲಿ ನೀರು ಸವಳು. ಮೊದಲ ಸಲ ಬೀಕರನ್ನು ನಲ್ಲಿ ನೀರಲ್ಲಿ ತೊಳೆದು, ಒಣಗಿಸಿ, ನೇರ ಬಳಸಿದೆವು. ಚಿನ್ನದ ದ್ರಾವಣ ಕೆಂಪಾಗುವ ಬದಲು ನೀಲಿ ಬೂದಿ ಬಣ್ಣಕ್ಕೆ ತಿರುಗಿ, ಸಂಜೆಯೊಳಗೆ ತಳದಲ್ಲಿ ಕಪ್ಪು ಗಸಿ ನಿಂತಿತು. ಗಾಜಿನಲ್ಲಿ ಒಣಗಿ ಉಳಿದ ಉಪ್ಪೇ ಸಾಕಾಯಿತು.

ಈಗ ಮಾಡುವುದು ಹೀಗೆ. ಫ್ಯೂಮ್ ಹುಡ್ ಒಳಗೆ ಮೂರು ಪಾಲು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಒಂದು ಪಾಲು ನೈಟ್ರಿಕ್ ಆಮ್ಲ ಸೇರಿಸಿ, ಆ ರಾಜದ್ರವದಲ್ಲಿ ಗಾಜನ್ನು ಅದ್ದಿ ತೆಗೆಯುತ್ತೇವೆ. ಕೈಗವಸು, ಕನ್ನಡಕ ಬೇಕೇ ಬೇಕು. ಬೇಕಾದಷ್ಟೇ ಮಾಡಿಕೊಳ್ಳಿ, ಉಳಿದದ್ದನ್ನು ಬಾಟಲಿಗೆ ಹಾಕಿ ಮುಚ್ಚಳ ಬಿಗಿಯಬೇಡಿ. ಅದು ಅನಿಲ ಬಿಡುತ್ತಲೇ ಇರುತ್ತದೆ, ಬಾಟಲಿ ಒಡೆಯುತ್ತದೆ. ಆಮೇಲೆ ಡಿಸ್ಟಿಲ್ಡ್ ನೀರಲ್ಲಿ ಮೂರು ನಾಲ್ಕು ಸಲ ತೊಳೆಯುವುದು. ನಲ್ಲಿ ನೀರು ಕೊನೆಯಲ್ಲಿ ಒಂದು ಹನಿಯೂ ಮುಟ್ಟಬಾರದು.

ಹಂತ 2: ಬರೀ ಚಿನ್ನ

ಗೋಲ್ಡ್ ಕ್ಲೋರೈಡ್ ಒಂದು ಗ್ರಾಮಿನ ಆಂಪ್ಯೂಲಿನಲ್ಲಿ ಬಂತು, ಹುಬ್ಬಳ್ಳಿಯ ವ್ಯಾಪಾರಿಯಿಂದ, 11,200 ರೂಪಾಯಿಗೆ. ಅದರ ತೂಕದಲ್ಲಿ ಅರ್ಧ ಮಾತ್ರ ಚಿನ್ನ. ಕಾರವಾರದ ಮಳೆಗಾಲದಲ್ಲಿ ಇದನ್ನು ಸ್ವಲ್ಪ ಸ್ವಲ್ಪ ತೂಗಿ ತೆಗೆಯುತ್ತೇನೆ ಅಂದರೆ ಆಗದ ಮಾತು. ಗಾಳಿಯ ತೇವ ಎಳೆದುಕೊಂಡು ನೋಡುತ್ತಿದ್ದಂತೆ ಪಾಕವಾಗುತ್ತದೆ. ಹಾಗಾಗಿ ಆಂಪ್ಯೂಲ್ ಒಡೆದ ಕೂಡಲೇ ಪೂರ್ತಿ ಒಂದು ಗ್ರಾಮನ್ನೂ 100 ಮಿಲಿ ನೀರಲ್ಲಿ ಕರಗಿಸಿ ಶೇಕಡಾ 1 ರ ಸ್ಟಾಕ್ ಮಾಡಿಟ್ಟೆವು. ಕಂದು ಬಾಟಲಿ, ಮೇಲೆ ಫಾಯಿಲ್, ಫ್ರಿಜ್ಜಿನಲ್ಲಿ. ಸ್ಟೀಲ್ ಚಮಚ ಮುಟ್ಟಿಸಬಾರದು, ಲೋಹದ ಮೇಲೆ ಚಿನ್ನ ಕೂತುಬಿಡುತ್ತದೆ.

1951 ರಲ್ಲಿ ಟರ್ಕೆವಿಚ್ ಕೊಟ್ಟ ದಾರಿಯೇ ಇವತ್ತಿಗೂ ಸುಲಭದ್ದು. 50 ಮಿಲಿ ನೀರಿಗೆ 0.5 ಮಿಲಿ ಸ್ಟಾಕ್ ಹಾಕಿ ಕುದಿಸಬೇಕು. ಚೆನ್ನಾಗಿ ಕುದಿಯುವಾಗ ಶೇಕಡಾ 1 ರ ಸೋಡಿಯಂ ಸಿಟ್ರೇಟ್ 1 ಮಿಲಿ ಒಂದೇ ಸಲಕ್ಕೆ ಸುರಿಯಬೇಕು. ಚಿನ್ನದ ಕಣ ಹುಟ್ಟಿಸುವುದೂ ಇದೇ, ಕಣಗಳಿಗೆ ಅಂಟಿಕೊಂಡು ಅವನ್ನು ದೂರ ದೂರ ಇಡುವುದೂ ಇದೇ. ತಿಳಿ ಹಳದಿ ಮೊದಲು ಬಣ್ಣವೇ ಇಲ್ಲದಂತಾಗುತ್ತದೆ. ಆಮೇಲೆ ಬೂದಿ, ಮಸಿ ನೀಲಿ, ನೇರಳೆ, ಕೊನೆಗೆ ಕೋಕಮ್ ಶರಬತ್ತಿನ ಕೆಂಪು. ಹಿಂದೆ ಬಿಳಿ ಹಾಳೆ ಹಿಡಿದು ನೋಡಿ. ಎಷ್ಟು ಸಲ ನೋಡಿದರೂ ನನಗೆ ಬೇಸರ ಬಂದಿಲ್ಲ.

ಆದರೆ ಈ 16 ನ್ಯಾನೊಮೀಟರ್ ಕಣಗಳು ನಮ್ಮ ಮೈಕ್ರೋಸ್ಕೋಪಿಗೆ ಕಾಣಲೇ ಇಲ್ಲ. ಸಣ್ಣ ಕಣ ಚದುರಿಸುವ ಬೆಳಕು ವ್ಯಾಸದ ಆರನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಸಿಟ್ರೇಟ್ ಕಡಿಮೆ ಹಾಕಿದರೆ ಕಣ ದೊಡ್ಡದಾಗುತ್ತದೆ, 1973 ರಲ್ಲಿ ಫ್ರೆನ್ಸ್ ತೋರಿಸಿದ ಹಾಗೆ. ಅದೇ 50 ಮಿಲಿಗೆ ಸಿಟ್ರೇಟ್ 0.3 ಮಿಲಿಗೆ ಇಳಿಸಿದರೆ ಕಣ 70 ನ್ಯಾನೊಮೀಟರ್ ಆಸುಪಾಸು. ಬೆಳಕು ಸುಮಾರು 7,000 ಪಟ್ಟು. ಈಗ ಕಪ್ಪು ಹಿನ್ನೆಲೆಯಲ್ಲಿ ಹಸಿರು, ಹಳದಿ ಚುಕ್ಕಿಗಳು ಒಂದೇ ಸಮನೆ ತಕತಕ ಕುಣಿಯುವುದು ಕಂಡಿತು. ಇದರಲ್ಲಿ ಕಬ್ಬಿಣ ಇಲ್ಲ. ಒಂದು ಬಾಟಲಿ ಬೇರೆ ಎತ್ತಿಟ್ಟೆವು. ಮುಂದೆ ಇದೇ ನಮ್ಮನ್ನು ಕಾಪಾಡಿತು.

ಹಂತ 3: ಕಬ್ಬಿಣ

ನಮಗೆ ಬೇಕಾದ ಕಬ್ಬಿಣದ ಆಕ್ಸೈಡ್ ಮ್ಯಾಗ್ನೆಟೈಟ್, ಅದನ್ನು ಆಯಸ್ಕಾಂತ ಎಳೆಯುತ್ತದೆ. ಅದನ್ನು ಮಾಡಲು ಫೆರಿಕ್ ಮತ್ತು ಫೆರಸ್ ಕಬ್ಬಿಣ (ಗಾಳಿ ತಾಗಿದರೆ ಫೆರಸ್ ಮೆಲ್ಲಗೆ ಫೆರಿಕ್ ಆಗುತ್ತದೆ) 2 ಕ್ಕೆ 1 ರ ಅಳತೆಯಲ್ಲಿ ಬೇಕು. ಫೆರಿಕ್ ಕ್ಲೋರೈಡ್ 2.7 ಗ್ರಾಂ, ಫೆರಸ್ ಸಲ್ಫೇಟ್ 1.39 ಗ್ರಾಂ, ಕುದಿಸಿ ಆರಿಸಿದ ನೀರು 50 ಮಿಲಿ. ಜೋರಾಗಿ ಕಲಕುತ್ತಾ ಶೇಕಡಾ 25 ರ ಅಮೋನಿಯ ಹಾಕುತ್ತಾ ಹೋದರೆ ಕ್ಷಣದಲ್ಲಿ ಮಸಿಯಂತೆ ಕಪ್ಪು ಪುಡಿ ಬೀಳಬೇಕು.

ನಮಗೆ ಬಿದ್ದದ್ದು ಕಂದು. ಬೀಕರ್ ತಳಕ್ಕೆ ಆಯಸ್ಕಾಂತ ಹಿಡಿದರೆ ಮನಸ್ಸಿಲ್ಲದ ಮನಸ್ಸಿನಲ್ಲಿ ಸರಿಯಿತು. ಕಾರಣ ಹುಡುಕಿದರೆ ಫೆರಸ್ ಸಲ್ಫೇಟ್ ಬಾಟಲಿಯಲ್ಲೇ ಇತ್ತು. ತಿಳಿ ಹಸಿರು ಹರಳುಗಳ ಮೇಲೆಲ್ಲ ತುಕ್ಕಿನ ಪುಡಿ. ಕಡಲ ತೀರದ ಗಾಳಿಯಲ್ಲಿ ಒಮ್ಮೆ ತೆರೆದ ಬಾಟಲಿ ಹೀಗಾಗುವುದು ಸಹಜ. ಫೆರಸ್ ಆಗಬೇಕಾದ್ದು ಆಗಲೇ ಫೆರಿಕ್ ಆಗಿತ್ತು, ಅಳತೆ ತಪ್ಪಿತ್ತು. ಹೊಸ ಬಾಟಲಿ ತರಿಸಿ, ಹಸಿರು ಹರಳನ್ನೇ ಆರಿಸಿ, ಮಳೆ ಬಿಟ್ಟ ಒಣ ದಿನ ತೂಗಿದೆವು. ಕಪ್ಪು ಬಂತು. ಆಯಸ್ಕಾಂತಕ್ಕೆ ಪಟಕ್ಕನೆ ಎದ್ದು ಬಂತು.

ತೊಳೆದು, ಸಿಟ್ರೇಟ್ ದ್ರಾವಣದಲ್ಲಿ 80 ಡಿಗ್ರಿಯಲ್ಲಿ ಅರ್ಧ ಗಂಟೆ ಕಲಕಿದರೆ ಕಣಗಳು ನೀರಲ್ಲಿ ತೇಲಿಕೊಂಡು ನಿಲ್ಲುತ್ತವೆ. ಇಲ್ಲಿ ಹೆಚ್ಚು ಹೇಳುವುದಿಲ್ಲ.

ಹಂತ 4: ಎರಡನ್ನೂ ಕೂಡಿಸುವುದು

ಅತಿ ಹೆಚ್ಚು ಸಾಮಾನು ಹಾಳಾದದ್ದು ಇಲ್ಲಿ. ಮೊದಲು ಕುದಿಯುವ ಗೋಲ್ಡ್ ಕ್ಲೋರೈಡ್‌ಗೆ ಸಿಟ್ರೇಟ್ ಹಚ್ಚಿದ ಮ್ಯಾಗ್ನೆಟೈಟನ್ನೇ ಸುರಿದೆವು. ಕೆಂಪು ಬಂತು, ಎಲ್ಲರಿಗೂ ಖುಷಿ. ಬಾಟಲಿ ಪಕ್ಕ ರಾತ್ರಿಯಿಡೀ ಆಯಸ್ಕಾಂತ ಇಟ್ಟು ಬೆಳಿಗ್ಗೆ ನೋಡಿದರೆ, ಆಯಸ್ಕಾಂತದ ಕಡೆ ಕಪ್ಪು ಕಂದು ಮಚ್ಚೆ, ಉಳಿದ ನೀರು ಹಾಗೇ ಕೆಂಪು. ಅಂದರೆ ಚಿನ್ನ ಬೇರೆ ಬೆಳೆದಿದೆ, ಕಬ್ಬಿಣ ಬೇರೆ ನಿಂತಿದೆ. ಒಂದರ ಮೇಲೊಂದು ಕೂತಿಲ್ಲ.

ಈ ಪರೀಕ್ಷೆಗೆ ಖರ್ಚಿಲ್ಲ, ಆದರೆ ಇದಕ್ಕಿಂತ ಖಚಿತವಾದದ್ದು ನಮ್ಮಂಥ ಲ್ಯಾಬಿನಲ್ಲಿ ಬೇರೆ ಇಲ್ಲ. ಬಣ್ಣ ಆಯಸ್ಕಾಂತದ ಕಡೆ ಹೋಗಬೇಕು, ನೀರು ತಿಳಿಯಾಗಬೇಕು.

ದಾರಿ ತೋರಿಸಿದ್ದು ಹೈಡ್ರಾಕ್ಸಿಲಮೀನ್. ಇದು ಈಗಾಗಲೇ ಇರುವ ಮೇಲ್ಮೈಯ ಮೇಲೆ ಚಿನ್ನವನ್ನು ಕೂರಿಸುತ್ತದೆ, ಹೊಸ ಕಣ ಹುಟ್ಟಿಸುವುದು ಕಡಿಮೆ. 2004 ರಲ್ಲಿ ಲಯನ್ ಮತ್ತು ಸಂಗಡಿಗರು ಕಬ್ಬಿಣದ ಆಕ್ಸೈಡ್ ಮೇಲೆ ಇದೇ ಉಪಾಯದಿಂದ ಪದರ ಪದರವಾಗಿ ಚಿನ್ನ ಬೆಳೆಸಿದ್ದರು. ನಮ್ಮ ಅಳತೆ: ನೀರು 20 ಮಿಲಿ, ಸಿಟ್ರೇಟ್ ಹಚ್ಚಿದ ಮ್ಯಾಗ್ನೆಟೈಟ್ ತೆಳು ಮಾಡಿದ್ದು 1 ಮಿಲಿ, 80 ಮಿಲಿಮೋಲಾರ್ ಹೈಡ್ರಾಕ್ಸಿಲಮೀನ್ ಹೈಡ್ರೋಕ್ಲೋರೈಡ್ 200 ಮೈಕ್ರೋಲೀಟರ್, ಚಿನ್ನದ ಸ್ಟಾಕ್ 125 ಮೈಕ್ರೋಲೀಟರ್. ಹತ್ತು ನಿಮಿಷ ಬಿಟ್ಟು ಮತ್ತೆ ಹೈಡ್ರಾಕ್ಸಿಲಮೀನ್, ಮತ್ತೆ ಚಿನ್ನ. ಹೀಗೆ ಐದು ಸುತ್ತು.

ಆಯಸ್ಕಾಂತದ ಕಲಕುವ ಕಡ್ಡಿ ಬಳಸಬೇಡಿ. ಕಣವೆಲ್ಲ ಅದಕ್ಕೇ ಮೆತ್ತಿಕೊಳ್ಳುತ್ತದೆ. ನಾವು ಒಂದು ಬ್ಯಾಚನ್ನು ಹಾಗೇ ಕಳೆದುಕೊಂಡೆವು. ಆಮೇಲೆ ಗಾಜಿನ ಕಡ್ಡಿಯಲ್ಲಿ ಕೈಯಲ್ಲೇ ಕಲಕಿದ್ದು.

ಎರಡನೇ ಸುತ್ತಿಗೆ ಕಂದು ಹೋಗಿ ನೇರಳೆ, ಐದನೆಯದಕ್ಕೆ ಮಂಕು ಕೆಂಪು. ರಾತ್ರಿ ಆಯಸ್ಕಾಂತ ಇಟ್ಟೆವು. ಬೆಳಿಗ್ಗೆ ಗಾಜಿನ ಗೋಡೆಗೆ ನೇರಳೆ ಕೆಂಪು ಮಚ್ಚೆ, ನೀರು ಹೆಚ್ಚು ಕಡಿಮೆ ತಿಳಿ. ಮಚ್ಚೆಯ ಅಂಚಿನಲ್ಲಿ ಬೆಳಕು ಬಿದ್ದಾಗ ಸಣ್ಣಗೆ ಚಿನ್ನದ ಹೊಳಪು ಕಂಡಿತು. ಮೊದಲ ಸಲ ಕೆಂಪಾಗೇ ಉಳಿದಿದ್ದ ನೀರನ್ನು ಚೆಲ್ಲಲಿಲ್ಲ, ತ್ಯಾಜ್ಯದ ಬಾಟಲಿಗೆ ಹಾಕಿಟ್ಟೆವು. ಸಿಂಕಿಗೆ ಹಾಕಿದ್ದು ಕಾಳಿಗೇ ಹೋಗುತ್ತದೆ, ಅಲ್ವಾ.

ಹಂತ 5: ಉಪ್ಪಿನಿಂದ ಕಾಪಾಡುವುದು

ನಮ್ಮ ದೇಹದ ಕೋಶ ಬದುಕುವುದು ಉಪ್ಪು ನೀರಲ್ಲಿ. ಸಿಟ್ರೇಟ್ ಹಚ್ಚಿದ ಚಿನ್ನಕ್ಕೆ ಉಪ್ಪು ಆಗುವುದಿಲ್ಲ. ಕಣಗಳನ್ನು ದೂರ ಇಟ್ಟಿದ್ದ ವಿದ್ಯುತ್ ಚಾರ್ಜನ್ನು ಉಪ್ಪು ಮರೆಮಾಡುತ್ತದೆ, ಎಲ್ಲ ಒಟ್ಟಿಗೆ ಅಂಟಿಕೊಳ್ಳುತ್ತವೆ. ಮನೆಯ ಸಾಣಿಕಟ್ಟಾ ಉಪ್ಪನ್ನು ಕರಗಿಸಿ ಒಂದು ಹನಿ ಬಿಟ್ಟು ನೋಡಿದೆವು. ಕೆಂಪು ಹೋಗಿ ನೀಲಿ.

ಇದಕ್ಕೆ ಮದ್ದು ಹಳೆಯದು. 1925 ರ ರಸಾಯನಶಾಸ್ತ್ರದ ನೊಬೆಲ್ ಪಡೆದ ಜಿಗ್‌ಮಂಡಿ ಅವರು ಚಿನ್ನದ ದ್ರಾವಣವನ್ನು ಉಪ್ಪಿನಿಂದ ಕಾಪಾಡಲು ಎಷ್ಟು ಜೆಲಟಿನ್ ಬೇಕು ಅಂತ ಅಳೆದೇ ಇಟ್ಟಿದ್ದರು. ನಾವು ಶೇಕಡಾ 0.1 ಆಗುವಷ್ಟು ಜೆಲಟಿನ್ ಬೆರೆಸಿ ಒಂದು ಗಂಟೆ ಇಟ್ಟೆವು. ಮತ್ತೆ ಅದೇ ಉಪ್ಪಿನ ಹನಿ. ಬಣ್ಣ ಕದಲಲಿಲ್ಲ.

ಹಂತ 6: ಮೈಕ್ರೋಸ್ಕೋಪ್

ಡಾರ್ಕ್‌ಫೀಲ್ಡ್‌ಗೆ ಬೇರೆ ಕಂಡೆನ್ಸರ್ (ಸ್ಲೈಡಿಗೆ ಕೆಳಗಿನಿಂದ ಬೆಳಕು ಕೂಡಿಸುವ ಮಸೂರ) ಕೊಳ್ಳಬೇಕಿಲ್ಲ. ಕಂಡೆನ್ಸರ್ ಕೆಳಗಿನ ಫಿಲ್ಟರ್ ತಟ್ಟೆಯಲ್ಲಿ ನಡುವೆ ಕಪ್ಪು ಬಿಲ್ಲೆ ಇಟ್ಟರೆ ಆಯಿತು. ಕಪ್ಪು ಚಾರ್ಟ್ ಪೇಪರನ್ನು ಎರಡು ಪದರ ಅಂಟಿಸಿ 14, 16, 18, 20 ಮಿಲಿಮೀಟರ್ ಬಿಲ್ಲೆಗಳನ್ನು ಕತ್ತರಿಸಿಕೊಂಡೆವು. 10 ಪಟ್ಟಿನ ಆಬ್ಜೆಕ್ಟಿವ್‌ಗೆ 14 ಸಾಕು. 40 ಪಟ್ಟಿನದಕ್ಕೆ 20 ಬೇಕಾಯಿತು. ಐಪೀಸ್ ತೆಗೆದು ಕೊಳವೆಯಲ್ಲಿ ಇಣುಕಿ ನೋಡಿ. ನಡುವೆ ಪೂರ್ತಿ ಕಪ್ಪಾಗಿದ್ದರೆ ಬಿಲ್ಲೆ ಸರಿ.

ಬೆಳಕಿನ ಮೇಲೆ ಒಂದು ತುಂಡು ಪೋಲರಾಯ್ಡ್ ಫಿಲ್ಮ್. ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಅದು ಬಿಡುತ್ತದೆ, ಆ ದಿಕ್ಕೇ ಪೋಲರೈಸೇಶನ್ ದಿಕ್ಕು. ಇದು ಮುಖ್ಯ. ನಮ್ಮ ಕಣ ನಕ್ಷತ್ರವಲ್ಲ, ಉರುಟು. ಉರುಟು ಕಣ ತಿರುಗಿದರೂ ಒಂದೇ, ಬಿಟ್ಟರೂ ಒಂದೇ. ಆದರೆ ಆಯಸ್ಕಾಂತದ ಹತ್ತಿರ ಕಣಗಳು ಒಂದರ ಹಿಂದೊಂದು ಸಾಲಾಗಿ ಸರಪಳಿ ಕಟ್ಟುತ್ತವೆ. ಆ ಸರಪಳಿ ಬೆಳಕಿನ ಪೋಲರೈಸೇಶನ್ ದಿಕ್ಕಿಗೆ ಉದ್ದವಾಗಿ ಬಂದಾಗ ಹೊಳಪು ಜಾಸ್ತಿ, ಅಡ್ಡವಾದಾಗ ಕಡಿಮೆ. ಒಂದು ಸುತ್ತಿಗೆ ಎರಡು ಸಲ ಮಿನುಗು.

ಕ್ಯಾಮೆರಾ ಐಪೀಸ್‌ಗೆ ಸಿಕ್ಕಿಸುವ ಯುಎಸ್‌ಬಿ ಮಾದರಿ, ಸೆಕೆಂಡಿಗೆ 30 ಫ್ರೇಮ್. ಆಟೋ ಎಕ್ಸ್‌ಪೋಶರ್ ಬಂದ್ ಮಾಡಲೇಬೇಕು, ಇಲ್ಲವಾದರೆ ಮಿನುಗನ್ನು ಅದೇ ಸರಿಮಾಡಿಬಿಡುತ್ತದೆ. 10 ಸೆಕೆಂಡಿನ ವಿಡಿಯೊ, ಅಂದರೆ 300 ಫ್ರೇಮ್. ಪ್ರತಿ ಪಿಕ್ಸೆಲ್‌ನ ಏರಿಳಿತವನ್ನು ಪೈಥಾನ್‌ನಲ್ಲಿ ಫೂರಿಯೆ ಲೆಕ್ಕ (ಏರಿಳಿತದಲ್ಲಿ ಯಾವ ಆವರ್ತನ ಎಷ್ಟಿದೆ ಅಂತ ಬೇರ್ಪಡಿಸುವ ಲೆಕ್ಕ) ಹಾಕಿ, ಬೇಕಾದ ಆವರ್ತನದಲ್ಲಿ ಎಷ್ಟು ಮಿನುಗಿದೆ ಅಂತ ಒಂದು ಚಿತ್ರ ಬಿಡಿಸುತ್ತೇವೆ. ನೋಡಲು ಇಮೇಜ್‌ಜೆ ಅನ್ನುವ ಸಾಫ್ಟ್‌ವೇರ್.

ಮೊದಲ ಚಿತ್ರದಲ್ಲಿ ಎಲ್ಲ ಪಿಕ್ಸೆಲ್‌ನಲ್ಲೂ 10 ಹರ್ಟ್ಜ್‌ನಲ್ಲಿ (ಸೆಕೆಂಡಿಗೆ 10 ಸಲ) ದೊಡ್ಡ ಏರು. ಆಯಸ್ಕಾಂತ ಇನ್ನೂ ಪೆಟ್ಟಿಗೆಯಲ್ಲೇ ಇತ್ತು! ಮನೆಯ ಕರೆಂಟಿನಲ್ಲಿ ಉರಿಯುವ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿಟುಕುತ್ತದೆ. 30 ಫ್ರೇಮ್ ಕ್ಯಾಮೆರಾಕ್ಕೆ ಅದು 10 ಆಗಿ ಕಾಣುತ್ತದೆ. ಎಲ್‌ಇಡಿಯನ್ನು ಬ್ಯಾಟರಿಗೆ ಹಾಕಿದೆವು, ಹೋಯಿತು. ಮಳೆಗಾಲದಲ್ಲಿ ಕರೆಂಟು ಹೋದರೂ ಕೆಲಸ ನಿಲ್ಲುವುದಿಲ್ಲ, ಅದೊಂದು ಲಾಭ.

ಹಂತ 7: ತಿರುಗುವ ಆಯಸ್ಕಾಂತ

20 ಮಿಲಿಮೀಟರ್ ಅಗಲ, 10 ಮಿಲಿಮೀಟರ್ ದಪ್ಪದ ನಿಯೊಡಿಮಿಯಂ ಬಿಲ್ಲೆ. ಅದರ ಧ್ರುವಗಳು ಅಡ್ಡಕ್ಕೆ ಬರುವಂತೆ ಒಂದು ಬಿದಿರಿನ ಕಡ್ಡಿಯ ತುದಿಗೆ ಕಟ್ಟಿ, ಕಡ್ಡಿಯನ್ನು 12 ವೋಲ್ಟಿನ ಗೇರ್ ಮೋಟಾರಿಗೆ ಸಿಕ್ಕಿಸಿದೆವು. ಸ್ಲೈಡಿನ ಎತ್ತರಕ್ಕೆ ಸರಿಯಾಗಿ, ನೋಡುವ ಜಾಗದಿಂದ 35 ಮಿಲಿಮೀಟರ್ ಪಕ್ಕದಲ್ಲಿ ಅದು ಸುತ್ತುತ್ತದೆ. ಹಿಡಿಯುವ ಚೌಕಟ್ಟು ಹಲಸಿನ ಹಲಗೆಯದು, ಕೋಡಿಬಾಗದ ಬಡಗಿಯೊಬ್ಬರು ಮಾಡಿಕೊಟ್ಟರು. ಕಾಂತಕ್ಷೇತ್ರವನ್ನು 49ಇ ಹಾಲ್ ಸೆನ್ಸರ್ ಇಟ್ಟು ಅಳೆದಾಗ ಸ್ಲೈಡಿನ ಜಾಗದಲ್ಲಿ ಹೆಚ್ಚೆಂದರೆ 15 ಮಿಲಿಟೆಸ್ಲಾ, ಕಡಿಮೆಯೆಂದರೆ ಅದರ ಅರ್ಧ ಬಂತು. ವೇಗ ನಿಮಿಷಕ್ಕೆ 90 ಸುತ್ತು. ಸೆಕೆಂಡಿಗೆ ಒಂದೂವರೆ ಸುತ್ತು, ಹಾಗಾದರೆ ಮಿನುಗು 3 ಹರ್ಟ್ಜ್‌ನಲ್ಲಿ ಬರಬೇಕು.

ಬಂತು. ಆದರೆ ಅದನ್ನು ನಂಬಬಾರದಿತ್ತು.

ಹಂತ 8: ಸುಳ್ಳು ಮಿನುಗು

ಚಿತ್ರದಲ್ಲಿ 1.5 ರಲ್ಲೂ ಏರು, 3 ರಲ್ಲೂ ಏರು. ಚಿನ್ನ ಮಾತ್ರವಲ್ಲ, ಗಾಜಿನ ಮೇಲಿನ ಧೂಳೂ ಮಿನುಗುತ್ತಿತ್ತು. ಆಯಸ್ಕಾಂತ ಬಿಚ್ಚಿ ಅಷ್ಟೇ ತೂಕದ ಹಿತ್ತಾಳೆ ತುಂಡು ಕಟ್ಟಿ ಮೋಟಾರು ತಿರುಗಿಸಿದೆವು. 1.5 ರ ಏರು ಹಾಗೇ ಉಳಿಯಿತು. ಅಂದರೆ ಅದು ಮೋಟಾರಿನ ನಡುಕ. ಚೌಕಟ್ಟನ್ನು ಮೇಜಿನಿಂದ ತೆಗೆದು ಬೇರೆ ಸ್ಟೂಲಿನ ಮೇಲಿಟ್ಟ ಮೇಲೆ ಅದು ಸತ್ತಿತು.

3 ರದ್ದು ಹಿತ್ತಾಳೆ ಕಟ್ಟಿದಾಗ ಮಾಯ, ಆಯಸ್ಕಾಂತ ಕಟ್ಟಿದಾಗ ಹಾಜರ್. ಇದೇ ನಿಜವಾದ ಸಿಗ್ನಲ್ ಅಂತ ಯಾರಿಗಾದರೂ ಅನಿಸುತ್ತದೆ. ಆಗ ಒಬ್ಬ ವಿದ್ಯಾರ್ಥಿನಿ ಕೇಳಿದಳು: ಎತ್ತಿಟ್ಟ ಬರೀ ಚಿನ್ನದ ಬಾಟಲಿಯಿಂದ ಒಂದು ಹನಿ ಹಾಕಿ ನೋಡೋಣವೇ? ಹಾಕಿದೆವು. ಕಬ್ಬಿಣವೇ ಇಲ್ಲದ ಚಿನ್ನ 3 ಹರ್ಟ್ಜ್‌ನಲ್ಲಿ ಮಿನುಗಿತು.

ತಪ್ಪಿತಸ್ಥ ಸ್ಲೈಡನ್ನು ಹಿಡಿಯುವ ಸ್ಟೀಲ್ ಕ್ಲಿಪ್. ಮೆದು ಉಕ್ಕನ್ನು ಉತ್ತರ ಧ್ರುವವೂ ಎಳೆಯುತ್ತದೆ, ದಕ್ಷಿಣವೂ ಎಳೆಯುತ್ತದೆ. ಒಂದು ಸುತ್ತಿಗೆ ಎರಡು ಎಳೆತ. ಸರಪಳಿಯ ಮಿನುಗಿಗೂ ಇದಕ್ಕೂ ಆವರ್ತನ ಒಂದೇ. ಬೆರಳ ತುದಿ ಕ್ಲಿಪ್ಪಿನ ಮೇಲಿಟ್ಟರೆ ಸಣ್ಣಗೆ ಟಿಕ್ ಟಿಕ್ ತಾಗುತ್ತಿತ್ತು. ಕ್ಲಿಪ್ ತೆಗೆದು ರಬ್ಬರ್ ಬ್ಯಾಂಡ್ ಹಾಕಿದೆವು. ಸ್ಲೈಡ್ ಸರಿಸುವ ಮೆಕ್ಯಾನಿಕಲ್ ಸ್ಟೇಜನ್ನೂ ಬಿಚ್ಚಿಟ್ಟೆವು, ಅದರಲ್ಲೂ ಉಕ್ಕಿತ್ತು.

ಈಗ ಪ್ರತಿ ಸಲ ಎರಡೂ ಪರೀಕ್ಷೆ. ಹಿತ್ತಾಳೆ ಕಟ್ಟಿದಾಗ ಏನೂ ಬರಬಾರದು. ಆಯಸ್ಕಾಂತ ಕಟ್ಟಿ ಬರೀ ಚಿನ್ನ ಇಟ್ಟಾಗಲೂ ಏನೂ ಬರಬಾರದು. ಎರಡೂ ಸುಮ್ನಿದ್ದರೆ ಮಾತ್ರ ಮೂರನೆಯ ಸ್ಲೈಡ್. ಈ ಕೆಲಸ ಮಾಡುವ ಯಾರೇ ಆಗಲಿ, ಒಂದನ್ನೇ ಮಾಡಿ ಸಾಕು ಅನ್ನಬೇಡಿ. ಹಿತ್ತಾಳೆ ತುಂಡು ಕ್ಲಿಪ್ಪಿನ ಸುಳ್ಳನ್ನು ಹಿಡಿಯುವುದಿಲ್ಲ, ಬರೀ ಚಿನ್ನ ಸುಳ್ಳು ನಡುಕದ್ದೋ ಆಯಸ್ಕಾಂತದ್ದೋ ಅಂತ ಹೇಳುವುದಿಲ್ಲ.

ಹಂತ 9: ಕೆನ್ನೆಯ ಕೋಶ

ಹತ್ತಿಯ ಕಡ್ಡಿಯಲ್ಲಿ ಕೆನ್ನೆ ಒಳಗೆ ಮೆಲ್ಲಗೆ ಸವರಿ, ಸಲೈನಿನಲ್ಲಿ ಕದಡಿ, ಜೆಲಟಿನ್ ಹಚ್ಚಿದ ಕಣ ಸೇರಿಸಿ ಅರ್ಧ ಗಂಟೆ. ಕೋಶಗಳು ತಳಕ್ಕೆ ಕೂತ ಮೇಲೆ ಮೇಲಿನ ನೀರು ತೆಗೆದು ಒಮ್ಮೆ ತೊಳೆದೆವು. ಸ್ಲೈಡ್, ಕವರ್‌ಸ್ಲಿಪ್, ಸುತ್ತ ವ್ಯಾಸಲೀನ್. ವ್ಯಾಸಲೀನ್ ಇಲ್ಲದಿದ್ದರೆ ನೀರು ಆರುತ್ತಾ ಎಲ್ಲ ಕಣಗಳೂ ಒಂದೇ ಕಡೆ ಹರಿಯುತ್ತವೆ.

ಮಾಮೂಲಿ ಚಿತ್ರದಲ್ಲಿ ಚುಕ್ಕಿಗಳ ಸಂತೆ. 3 ಹರ್ಟ್ಜ್‌ನ ಚಿತ್ರದಲ್ಲಿ ಕೋಶದ ಅಂಚು ಮಾಯ, ನ್ಯೂಕ್ಲಿಯಸ್ ಮಾಯ, ಬ್ಯಾಕ್ಟೀರಿಯಾ ಮಾಯ. ಕಪ್ಪಿನ ಮೇಲೆ ಬೆರಳೆಣಿಕೆಯ ಚುಕ್ಕಿ. ವಿಡಿಯೊಗೆ ಹಿಂತಿರುಗಿ ಅದೇ ಜಾಗ ದೊಡ್ಡದು ಮಾಡಿ ನೋಡಿದರೆ, ಕಿತ್ತಳೆ ಬಣ್ಣದ ಸಣ್ಣ ಕಡ್ಡಿಯೊಂದು ತನ್ನ ಜಾಗದಲ್ಲೇ ಹೊರಳುತ್ತಾ ಮಿಂಚಿ ಮಸುಕಾಗುತ್ತಿತ್ತು. ಅದರ ಪಕ್ಕದಲ್ಲೇ ಅಷ್ಟೇ ಹೊಳಪಿನ ಇನ್ನೊಂದು ಚುಕ್ಕಿ ಅಲ್ಲಾಡದೆ ಕೂತಿತ್ತು. ಲ್ಯಾಬಿನಲ್ಲಿದ್ದವರೆಲ್ಲ ಸರದಿಯಲ್ಲಿ ಬಂದು ನೋಡಿದರು. ನನಗೆ ಮಾತು ಹೊರಡಲಿಲ್ಲ.

ಇದರ ಮಿತಿಯನ್ನೂ ಹೇಳಬೇಕು. ಕೆನ್ನೆಯಿಂದ ಉದುರುವ ಕೋಶಗಳಲ್ಲಿ ಹೆಚ್ಚಿನವು ಸತ್ತವು. ಕಣ ಒಳಗೆ ಹೋಗಿಲ್ಲ, ಮೇಲೆ ಅಂಟಿದೆ. ಗಟ್ಟಿಯಾಗಿ ಅಂಟಿದ್ದು ತಿರುಗುವುದಿಲ್ಲ, ಹಾಗಾಗಿ ಮಿನುಗುವುದಿಲ್ಲ. ನಮಗೆ ಕಂಡದ್ದು ಸಡಿಲವಾಗಿ ಕೂತವು ಮಾತ್ರ. ಮಿನುಗದ ಚುಕ್ಕಿ ಚಿನ್ನವಲ್ಲ ಅಂತ ಇದರಿಂದ ಹೇಳಲಾಗದು. ಮಿನುಗಿದ್ದು ನಮ್ಮ ಕಣ ಅಂತ ಹೇಳಬಹುದು.

ಖರ್ಚು

ಗೋಲ್ಡ್ ಕ್ಲೋರೈಡ್ 11,200. ಕಬ್ಬಿಣದ ಲವಣಗಳು 900, ಹೈಡ್ರಾಕ್ಸಿಲಮೀನ್ 650. ಆಯಸ್ಕಾಂತ 480, ಮೋಟಾರು 260, ಕ್ಯಾಮೆರಾ 3,400. ಎಲ್‌ಇಡಿ ಮತ್ತು ಬ್ಯಾಟರಿ 350, ಪೋಲರಾಯ್ಡ್ ಫಿಲ್ಮ್ 200, ಹಾಲ್ ಸೆನ್ಸರ್ 60, ಹಲಗೆ 150. ಒಟ್ಟು 17,650 ರೂಪಾಯಿ. ಆಮ್ಲ, ಅಮೋನಿಯ, ಸಿಟ್ರೇಟ್ ಲ್ಯಾಬಿನಲ್ಲೇ ಇದ್ದವು. ಚಿನ್ನದ ಸ್ಟಾಕ್ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಇನ್ನೂ ಉಳಿದಿದೆ, ಆದ್ದರಿಂದ ಎರಡು ಕಾಲೇಜು ಸೇರಿ ಒಂದು ಆಂಪ್ಯೂಲ್ ಕೊಂಡರೂ ಧಾರಾಳ.

ಹಂತ 10: ಈಗ ಸಿಕ್ಕಿಕೊಂಡಿರುವುದು

ಕಣವನ್ನು ತಾನೇ ನುಂಗುವ ಜೀವಂತ ಕೋಶ ಬೇಕಿತ್ತು. ಕೋಶ ಬೆಳೆಸುವ ಸೌಕರ್ಯ ನಮ್ಮಲ್ಲಿಲ್ಲ. ಪ್ಯಾರಮೀಸಿಯಂ ಅನ್ನುವ ಏಕಕೋಶ ಜೀವಿ ಇದೆ. ಭತ್ತದ ಹುಲ್ಲು ಕುದಿಸಿ ಆರಿಸಿದ ನೀರಿಗೆ ಶಿರಸಿ ಕಡೆಯ ವಿದ್ಯಾರ್ಥಿಯೊಬ್ಬ ತಂದ ಕೆರೆ ನೀರು ಬೆರೆಸಿ ಕಿಟಕಿ ಹತ್ತಿರ ಇಟ್ಟರೆ ಸಾಕು, ವಾರದೊಳಗೆ ತುಂಬಿಕೊಳ್ಳುತ್ತವೆ. ಕಣ ಹಾಕಿದರೆ ನುಂಗುತ್ತವೆ, ಆಹಾರದ ಗುಳ್ಳೆಗಳು ಕಿತ್ತಳೆ ಬಣ್ಣಕ್ಕೆ ತಿರುಗುವುದು ಚೆನ್ನಾಗಿ ಕಾಣುತ್ತದೆ. ಸಿಹಿನೀರಿನ ಜೀವಿಯಾದ್ದರಿಂದ ಉಪ್ಪಿನ ಕಾಟವೂ ಇಲ್ಲ.

ಆದರೆ ಅದು ನಿಲ್ಲುವುದಿಲ್ಲ. ಮೀಥೈಲ್ ಸೆಲ್ಯುಲೋಸ್ ಹಾಕಿ ನೀರು ಮಂದ ಮಾಡಿದರೂ ತೆವಳುತ್ತಲೇ ಇರುತ್ತದೆ. ಆ ತೆವಳುವಿಕೆ 3 ಹರ್ಟ್ಜ್ ಸುತ್ತಮುತ್ತ ಎಲ್ಲ ಕಡೆ ಹರಡಿ ನಮ್ಮ ಏರನ್ನು ಮುಳುಗಿಸಿಬಿಟ್ಟಿದೆ. ಎರಡು ಯೋಚನೆ ಇದೆ. ಒಂದು, ಫ್ರೇಮುಗಳನ್ನು ಮೊದಲು ಜೀವಿಯ ದೇಹಕ್ಕೆ ಹೊಂದಿಸಿ ಆಮೇಲೆ ಲೆಕ್ಕ ಹಾಕುವುದು. ಇನ್ನೊಂದು, ಸೆಕೆಂಡಿಗೆ 3 ಸುತ್ತು ತಿರುಗುವ ಮೋಟಾರು ಹಾಕಿ ಸಿಗ್ನಲನ್ನು 6 ಹರ್ಟ್ಜ್‌ಗೆ ಎತ್ತುವುದು. ಅಲ್ಲಿ ತೆವಳುವ ಗದ್ದಲ ಕಡಿಮೆ. ಮೋಟಾರಿಗೆ ಆರ್ಡರ್ ಹಾಕಿದ್ದೇವೆ. ಬಂದ ಮೇಲೆ ಹಿತ್ತಾಳೆ ತುಂಡು, ಬರೀ ಚಿನ್ನ, ಆಮೇಲೆ ಪ್ಯಾರಮೀಸಿಯಂ, ಅದೇ ಕ್ರಮದಲ್ಲಿ ಮಾಡುತ್ತೇವೆ. ಅಷ್ಟರಲ್ಲಿ ಪ್ಯಾರಮೀಸಿಯಂ ಅನ್ನು ಸಾಯಿಸದೆ ಹತ್ತು ಸೆಕೆಂಡು ನಿಲ್ಲಿಸುವ ಉಪಾಯ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.